ಸ್ಟೇಟಸ್ ಹಾಕಿದ್ದಕ್ಕೆ ಪ್ರಿನ್ಸಿಪಾಲರು ಕರೆದರೆ: ವಿದ್ಯಾರ್ಥಿಗಳ ಮಾತಿನ ಹಕ್ಕು, ಹಂತ ಹಂತವಾಗಿ

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಬಗೆಯವು. "ಮಗಳು ವಾಟ್ಸಾಪ್ ಸ್ಟೇಟಸ್‌ನಲ್ಲಿ ಏನೋ ಹಾಕಿದ್ದಾಳೆ, ಕಾಲೇಜಿನಿಂದ ಫೋನ್ ಬಂದಿದೆ, ಏನು ಮಾಡೋದು?" "ಹಾಸ್ಟೆಲ್ ಊಟದ ಬಗ್ಗೆ ಮನವಿ ಕೊಟ್ಟೆವು, ಈಗ ಟಿಸಿ ತಗೊಂಡು ಹೋಗಿ ಅಂತಿದ್ದಾರೆ." "ಊರಿಗೆ ಬಸ್ ಬಿಡಿ ಅಂತ ರಸ್ತೆ ತಡೆದೆವು, ಕೇಸ್ ಹಾಕ್ತಾರಾ?"

ಓದುವ ಹುಡುಗರಿಗೆ, ಹುಡುಗಿಯರಿಗೆ ಮಾತಾಡುವ ಹಕ್ಕಿದೆಯಾ ಎಂದರೆ, ಇದೆ. ಆದರೆ "ನನಗೆ ಹಕ್ಕಿದೆ" ಎಂದು ಸ್ಟಾಫ್ ರೂಮಿನಲ್ಲಿ ನಿಂತು ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ. "ಯಾವ ನಿಯಮ ಸರ್? ದಯವಿಟ್ಟು ಬರವಣಿಗೆಯಲ್ಲಿ ಕೊಡಿ" ಎಂದು ಮೆಲ್ಲಗೆ ಕೇಳಿ ಪಾರಾದವರನ್ನು ನೋಡಿದ್ದೇನೆ. ಮುಂದಿನ ಒಂಬತ್ತು ಹಂತಗಳೂ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬರುತ್ತವೆ.

ಇದು ಕರ್ನಾಟಕದ ಶಾಲೆ, ಪಿಯು ಮತ್ತು ಡಿಗ್ರಿ ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ ಬರೆದದ್ದು. ನಾನು ವಕೀಲನಲ್ಲ. ಎಫ್‌ಐಆರ್ ಆಗಿದ್ದರೆ ನೇರವಾಗಿ ಕೊನೆಯ ಹಂತ ಓದಿ, ಆಮೇಲೆ ವಕೀಲರ ಹತ್ತಿರ ಹೋಗಿ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಅಡ್ಮಿಷನ್ ವೇಳೆ ಕೊಟ್ಟ ಕೈಪಿಡಿ ಅಥವಾ ಪ್ರಾಸ್ಪೆಕ್ಟಸ್. ಆಗ ನೀವು ಸಹಿ ಹಾಕಿದ ಮುಚ್ಚಳಿಕೆಯ ಪ್ರತಿ (ಮುಚ್ಚಳಿಕೆ ಅಂದರೆ "ಹೀಗೆ ನಡೆದುಕೊಳ್ಳುತ್ತೇನೆ" ಎಂದು ಬರೆದುಕೊಡುವ ಪತ್ರ. ಬಹಳ ಜನ ಅದನ್ನು ಓದದೇ ಸಹಿ ಹಾಕಿರುತ್ತಾರೆ). ವಯಸ್ಸಿನ ದಾಖಲೆ. ಒಂದು ನೋಟ್‌ಬುಕ್. ಯಾರು, ಯಾವತ್ತು, ಎಷ್ಟು ಹೊತ್ತಿಗೆ, ಏನಂದರು ಎಂದು ಅದೇ ದಿನ ಅದರಲ್ಲಿ ಬರೆದಿಡಬೇಕು. ಹತ್ತು ದಿನ ಬಿಟ್ಟು ನೆನಪಿನಿಂದ ಬರೆದರೆ ಅದಕ್ಕೆ ಬೆಲೆ ಕಡಿಮೆ.

ಹಂತ 1: ನೀವು ಎಲ್ಲಿ ಓದುತ್ತಿದ್ದೀರಿ, ನಿಮಗೆ ಎಷ್ಟು ವಯಸ್ಸು

ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಸ್ವಾತಂತ್ರ್ಯ ಕೊಡುತ್ತದೆ. 18 ತುಂಬಿರಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. 18 ಬೇಕಿರುವುದು ಮತ ಹಾಕಲು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಕ್ಕಳ ಅಭಿಪ್ರಾಯಕ್ಕೆ ಕಿವಿಗೊಡಬೇಕು ಎನ್ನುತ್ತದೆ. ಅಷ್ಟೇಕೆ, 2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ, ಅದರಲ್ಲಿ ಅಭಿವ್ಯಕ್ತಿಯ ಸ್ವಾತಂತ್ರ್ಯ ಅನ್ನೋ ಮಾತಿದೆ. ಓದಿಸುವವರಿಗೂ ಅದು ಕೇಳಿಸುತ್ತಿರಬೇಕು, ಅಲ್ವಾ?

ಈಗ ತೊಡಕಿನ ಭಾಗ. ಮೂಲಭೂತ ಹಕ್ಕುಗಳನ್ನು ಮುಖ್ಯವಾಗಿ ಕೇಳಬಹುದಾದದ್ದು ಸರ್ಕಾರದ ಎದುರು. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ ಆಗಿದ್ದರೆ ನಿಮ್ಮ ನೆಲ ಗಟ್ಟಿ. ಖಾಸಗಿ ಅನುದಾನರಹಿತ ಸಂಸ್ಥೆಯಾದರೆ 19ನೇ ವಿಧಿ ಹಿಡಿದು ಹೋಗುವುದು ಕಷ್ಟ. ಅಲ್ಲಿ ನಿಮಗೆ ಆಸರೆ ಬೇರೆ ಕಾನೂನುಗಳು, ಮತ್ತು ಅವರದೇ ಕೈಪಿಡಿ.

ಒಂದರಿಂದ ಎಂಟನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ 2009ರ ಆರ್‌ಟಿಇ ಇದೆ. ಅದರ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ "ದೇಶದ್ರೋಹಿ" ಎಂದು ಬೈದರೆ ಅದನ್ನು ಕಿರುಕುಳ ಎಂದೇ ದೂರಿನಲ್ಲಿ ಬರೆಯಿರಿ. ಖಾಸಗಿ ಶಾಲೆಗೂ ಈ ಕಾಯ್ದೆ ಅನ್ವಯ. ಆದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗೆ ಅನ್ವಯವಿಲ್ಲ. ಅಲ್ಲಿ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ನೋಡಬೇಕು. ತಮ್ಮ ಸುಪರ್ದಿಯಲ್ಲಿರುವ ಮಗುವಿಗೆ ಕ್ರೌರ್ಯ ಎಸಗಿದರೆ ಶಿಕ್ಷೆ ಎನ್ನುವ ಕಲಂ ಅದು. ಅದಕ್ಕೆ ಇಂಥ ಶಾಲೆ ಅಂಥ ಶಾಲೆ ಅನ್ನೋ ಭೇದ ಇಲ್ಲ.

ಹಂತ 2: ಹೇಳಬೇಕೆಂದಿರುವ ಮಾತನ್ನು ಒಮ್ಮೆ ತೂಗಿ

ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು ಸಂವಿಧಾನದ 19(2) ವಿಧಿ ಎಂಟು ಕಾರಣ ಕೊಡುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ಹೊರದೇಶಗಳ ಜೊತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಅಲ್ಲಿಗೆ ಮುಗಿಯಿತು. "ಮಂತ್ರಿಯ ಟೀಕೆ" ಆ ಪಟ್ಟಿಯಲ್ಲಿಲ್ಲ. "ಕಾಲೇಜಿನ ಹೆಸರು ಕೆಡಿಸಿದ್ದು" ಕೂಡ ಇಲ್ಲ, ಆದರೆ ಸುಳ್ಳು ಆರೋಪ ಮಾಡಿದ್ದರೆ ಅದು ಮಾನಹಾನಿ ಆದೀತು. "ಹಾಸ್ಟೆಲ್ ಸಾಂಬಾರಿನಲ್ಲಿ ಹುಳ ಇತ್ತು, ಇಗೋ ಫೋಟೋ, ತಾರೀಖು ಇಂತಿಷ್ಟು" ಎನ್ನುವುದು ದೂರು. "ವಾರ್ಡನ್ ರೇಷನ್ ಮಾರಿಕೊಳ್ತಾನೆ" ಎನ್ನುವುದು ಆರೋಪ. ಕೈಯಲ್ಲಿ ಪುರಾವೆ ಇಲ್ಲದಿದ್ದರೆ ಎರಡನೆಯದನ್ನು ಬರೆಯಬೇಡಿ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಕಲಂ (ಆನ್‌ಲೈನ್‌ನಲ್ಲಿ ಅವಹೇಳನದ ಮಾತು ಹಾಕಿದರೆ ಶಿಕ್ಷೆ ಎನ್ನುತ್ತಿದ್ದ ಕಲಂ) ರದ್ದು ಮಾಡಿತು. ಅರ್ಜಿ ಹಾಕಿದವರು ಆಗ ಕಾನೂನು ವಿದ್ಯಾರ್ಥಿನಿ. ಆ ತೀರ್ಪಿನಲ್ಲಿ ನಮಗೆ ಬಹಳ ಉಪಯೋಗಕ್ಕೆ ಬರುವ ಒಂದು ಅಳತೆಗೋಲಿದೆ. ಮಾತಿನಲ್ಲಿ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಬಗೆ. ಮೊದಲೆರಡಕ್ಕೆ ರಕ್ಷಣೆ ಇದೆ, ಎಷ್ಟೇ ಕಹಿಯಾಗಿದ್ದರೂ. "ಈ ಕಾನೂನು ತಪ್ಪು" ಚರ್ಚೆ. "ಇದನ್ನು ವಾಪಸ್ ತಗೊಳ್ಳಿ, ಎಲ್ಲರೂ ಸಹಿ ಹಾಕಿ" ಪ್ರತಿಪಾದನೆ. "ಬನ್ನಿ, ಆಫೀಸಿನ ಗಾಜು ಒಡೆಯೋಣ" ಪ್ರಚೋದನೆ. ಈಗಲೂ ಯಾರಾದರೂ "66ಎ ಹಾಕಿಸ್ತೀನಿ" ಎಂದು ಹೆದರಿಸಿದರೆ, ಅದು ಸತ್ತು ವರ್ಷಗಳಾದವು ಎಂದು ತಿಳಿದಿರಲಿ.

ನಿಜವಾದ ಅಪಾಯ ಇರುವುದು ಜಾತಿ ಮತ್ತು ಧರ್ಮದ ಮಾತಿನಲ್ಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ (ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು) ಮತ್ತು 299ನೇ ಕಲಂ (ಬೇಕೆಂದೇ ಧರ್ಮದ ಭಾವನೆಗೆ ಅವಮಾನ ಮಾಡುವುದು) ಎರಡೂ ಗಂಭೀರ. ಸರ್ಕಾರವನ್ನು ಬೈಯಿರಿ, ಪಕ್ಷವನ್ನು ಬೈಯಿರಿ. ಜನರನ್ನು ಅವರ ಹುಟ್ಟಿನ ಮೇಲೆ, ದೇವರ ಮೇಲೆ ಬೈದರೆ ಈ ಲೇಖನ ನಿಮ್ಮನ್ನು ಕಾಪಾಡುವುದಿಲ್ಲ, ನನಗೆ ಆಸೆಯೂ ಇಲ್ಲ.

ಎಚ್ಚರಿಕೆ: ಮಾತು ಕಾನೂನಿನ ಒಳಗಿದ್ದರೂ ಕಷ್ಟ ಬಾರದು ಎಂದೇನಿಲ್ಲ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಬಗ್ಗೆ ನಾಟಕ ಆಡಿದರು. ದೇಶದ್ರೋಹದ ಕೇಸಾಯಿತು. ಮುಖ್ಯಶಿಕ್ಷಕಿಯೊಬ್ಬರು, ಒಬ್ಬ ಮಗುವಿನ ತಾಯಿ ಬಂಧನಕ್ಕೊಳಗಾದರು, ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು. ಶಾಲೆಯ ಆಡಳಿತದವರ ಮೇಲಿನ ಕೇಸನ್ನು ಹೈಕೋರ್ಟಿನ ಕಲಬುರಗಿ ಪೀಠ ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ಕಾನೂನು ಅವರ ಪರ ಇತ್ತು, ಆದರೆ ಅದು ಕೈಗೆ ಸಿಗಲು ಮೂರು ವರ್ಷ ಮೇಲಾಯಿತು. ಅದೇ ತೀರ್ಪಿನಲ್ಲಿ, ಶಾಲೆಗಳು ಇಂಥ ರಾಜಕೀಯ ವಿಷಯಗಳಿಂದ ಮಕ್ಕಳನ್ನು ದೂರ ಇಡುವುದು ಒಳ್ಳೆಯದು ಎಂಬ ಅರ್ಥದ ಮಾತೂ ಇದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಆದರೂ ಹೇಳಲೇಬೇಕು, ಏಕೆಂದರೆ ನಾಳೆ ನಿಮ್ಮ ಎದುರಿನ ವಕೀಲರು ಅದನ್ನೇ ಓದುತ್ತಾರೆ.

ಹಂತ 3: ಬಟ್ಟೆ, ಬ್ಯಾಡ್ಜು, ಶಾಲು, ರಾಷ್ಟ್ರಗೀತೆ

ಬಾಯಿಂದ ಆಡಿದ್ದಷ್ಟೇ ಅಭಿವ್ಯಕ್ತಿ ಅಲ್ಲ. ಕಪ್ಪು ಪಟ್ಟಿ ಕಟ್ಟಿಕೊಳ್ಳುವುದೂ ಒಂದು ಮಾತು. ಆದರೆ ಕರ್ನಾಟಕದಲ್ಲಿ ಇದು ಎಲ್ಲಕ್ಕಿಂತ ಕಠಿಣ ಜಾಗ.

2022ರ ಫೆಬ್ರುವರಿ 5ರಂದು, ಹಿಜಾಬ್ ವಿವಾದದ ನಡುವೆ, ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 15ರಂದು ಅದನ್ನು ಎತ್ತಿಹಿಡಿಯಿತು. ತರಗತಿಯಂಥ ಜಾಗದಲ್ಲಿ ಹಕ್ಕುಗಳು ಬೀದಿಯಲ್ಲಿದ್ದಷ್ಟು ಬಲವಾಗಿರುವುದಿಲ್ಲ ಎನ್ನುವುದು ಆ ತೀರ್ಪಿನ ದಾರಿ. ಅದಕ್ಕೂ ಮೊದಲು ಫೆಬ್ರುವರಿ 10ರ ಮಧ್ಯಂತರ ಆದೇಶ, ಸಮವಸ್ತ್ರ ಗೊತ್ತುಮಾಡಿದ ಕಾಲೇಜುಗಳ ತರಗತಿಯಲ್ಲಿ ಹಿಜಾಬಿನ ಜೊತೆಗೆ ಕೇಸರಿ ಶಾಲನ್ನೂ ತಡೆದಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ವಿಷಯ ದೊಡ್ಡ ಪೀಠಕ್ಕೆ ಹೋಗಬೇಕಾಯಿತು.

ಹೀಗಿರುವಾಗ ನೀವು ಮಾಡಬೇಕಾದದ್ದು: ನಿಮ್ಮ ಸಂಸ್ಥೆಯಲ್ಲಿ ಈ ವರ್ಷ ಸಮವಸ್ತ್ರದ ಲಿಖಿತ ನಿಯಮ ಏನಿದೆ, ಅದನ್ನು ಮಾಡಿದವರು ಯಾರು, ಯಾವತ್ತು ಎಂದು ಕೇಳಿ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಸರ್ಕಾರಿ ಪಿಯುನಲ್ಲಿ ಸಿಡಿಸಿ (ಕಾಲೇಜು ಅಭಿವೃದ್ಧಿ ಸಮಿತಿ) ಇರುತ್ತದೆ. ಕರ್ನಾಟಕ ಶಿಕ್ಷಣ ಸಂಸ್ಥೆಗಳ 1995ರ ನಿಯಮಗಳ 11ನೇ ನಿಯಮ ನೋಡಿ: ಒಮ್ಮೆ ಸಮವಸ್ತ್ರ ಗೊತ್ತು ಮಾಡಿದರೆ ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ರಾತ್ರೋರಾತ್ರಿ ಹೊಸ ನಿಯಮ ಬಂದಿದ್ದರೆ ನಿಮ್ಮ ಪ್ರಶ್ನೆ ಇಲ್ಲಿಂದ ಶುರುವಾಗಲಿ.

ರಾಷ್ಟ್ರಗೀತೆಯ ವಿಷಯ ಬೇರೆ. 1985ರಲ್ಲಿ ಕೇರಳದ ಒಂದೇ ಮನೆಯ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಿಜೋ ಇಮ್ಯಾನ್ಯುಯೆಲ್ ಪ್ರಕರಣ ಎಂದು ಹೆಸರಾದ ಇದರಲ್ಲಿ, 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ಗೌರವದಿಂದ ಸುಮ್ಮನೆ ನಿಂತರೆ ಅದು ಅವಮಾನವಲ್ಲ ಎಂಬುದು ಒಂದು ಮಾತು. ನಮಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಕಾನೂನಿನ ಬಲವಿಲ್ಲದ ಇಲಾಖೆಯ ಸುತ್ತೋಲೆ ಹಿಡಿದುಕೊಂಡು ವಾಕ್ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವಂತಿಲ್ಲ. "ಯಾವ ನಿಯಮ ಸರ್?" ಎಂಬ ಪ್ರಶ್ನೆಗೆ ಬೆನ್ನೆಲುಬು ಇದೇ ತೀರ್ಪು. ಹಾಗಂತ ಬೇರೆಯವರು ಹಾಡುವಾಗ ಗಲಾಟೆ ಮಾಡಿದರೆ ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಡಿ ಅಪರಾಧ. ನಿಲ್ಲಿ, ಸುಮ್ಮನಿರಿ.

ಹಂತ 4: ದಾರಿ ಆರಿಸಿಕೊಳ್ಳಿ

ಒಂದೇ ಮಾತನ್ನು ಹತ್ತು ದಾರಿಯಲ್ಲಿ ಹೇಳಬಹುದು. ಕಡಿಮೆ ಅಪಾಯದ್ದರಿಂದ ಶುರು ಮಾಡಿ.

ಮೊದಲನೆಯದು ಸಹಿ ಹಾಕಿದ ಮನವಿ. ಒಬ್ಬರ ಹೆಸರಲ್ಲಿ ಬೇಡ, ಇಡೀ ತರಗತಿ ಸಹಿ ಹಾಕಲಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಿಕೊಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಾದರೆ ತಾಲ್ಲೂಕು, ಜಿಲ್ಲಾ ಅಧಿಕಾರಿಗೂ ಒಂದು ಪ್ರತಿ ಹೋಗಲಿ.

ಹಳ್ಳಿಯ ಮಕ್ಕಳಿಗೆ ಇನ್ನೊಂದು ಒಳ್ಳೆಯ ದಾರಿ ಇದೆ, ಬಳಸುವವರು ಕಡಿಮೆ: ಮಕ್ಕಳ ಗ್ರಾಮಸಭೆ. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸಬೇಕು. ಶೌಚಾಲಯ, ಬಸ್ಸು, ಶಾಲೆ ಪಕ್ಕದ ಸಾರಾಯಿ ಅಂಗಡಿ, ಏನು ಬೇಕಾದರೂ ಕೇಳಬಹುದು. ಅಲ್ಲಿ ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಪಿಡಿಒ ಹತ್ತಿರ ಕಣ್ಣಾರೆ ನೋಡಿ. ಬರೆಯದೇ ಹೋದರೆ ಕೇಳಿಯೂ ಕೇಳದಂತೆ.

ಪೋಸ್ಟರ್ ಅಂಟಿಸುವುದಾದರೆ ನೋಟಿಸ್ ಬೋರ್ಡಿಗೆ ಅನುಮತಿ ಪಡೆದು ಅಂಟಿಸಿ. ಸಾರ್ವಜನಿಕ ಗೋಡೆ ಅಂದಗೆಡಿಸುವುದಕ್ಕೆ 1981ರಿಂದಲೇ ರಾಜ್ಯದಲ್ಲಿ ಕಾನೂನಿದೆ. ಎಷ್ಟೋ ಸಲ ಮಾತಿಗೆ ಕೇಸ್ ಹಾಕಲಾಗದವರು ಗೋಡೆಗೆ ಕೇಸ್ ಹಾಕುತ್ತಾರೆ.

ಪ್ರತಿಭಟನೆ, ಮೆರವಣಿಗೆ ಅಂದರೆ ಪೊಲೀಸ್ ಅನುಮತಿ ಬೇಕು. ಬೆಂಗಳೂರಿನಲ್ಲಾದರೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಊರಲ್ಲಿ ನಿಷೇಧಾಜ್ಞೆ ಇದೆಯೇ ನೋಡಿಕೊಳ್ಳಿ (ಜನ ಇವತ್ತಿಗೂ 144 ಅಂತಾರೆ, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ). 2022ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆ-ಕಾಲೇಜುಗಳ ಸುತ್ತ 200 ಮೀಟರ್ ಒಳಗೆ ಗುಂಪು ಸೇರುವುದನ್ನೇ ನಿಷೇಧಿಸಿದ್ದರು. ಬಸ್ ತಡೆಯುವುದು ನಮ್ಮಲ್ಲಿ ಬಹಳ ಹಳೆಯ ರೂಢಿ, ನಾನೂ ಪಿಯುಸಿಯಲ್ಲಿ ತಡೆದವನೇ. ಆದರೂ ಹೇಳುತ್ತೇನೆ: ದಾರಿ ಅಡ್ಡಗಟ್ಟುವುದು ಅಪರಾಧವೇ. ಬಸ್ಸಿನ ಮುಂದೆ ಕೂರುವ ಬದಲು ಡಿಪೋ ಮುಂದೆ, ರಸ್ತೆ ಬಿಟ್ಟು ಕೂತರೂ ಪತ್ರಿಕೆಯವರು ಬರುತ್ತಾರೆ.

ಪಕ್ಷದ ಬಾವುಟ ಹಿಡಿಯುವ ವಿಷಯ. ಮಕ್ಕಳನ್ನು ಪ್ರಚಾರಕ್ಕೆ, ರ‍್ಯಾಲಿಗೆ, ಕರಪತ್ರ ಹಂಚಲು ಬಳಸಬಾರದು ಎಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಇದು ಪಕ್ಷಗಳ ಮೇಲಿನ ನಿರ್ಬಂಧ, ಮಗುವಿನ ಅಭಿಪ್ರಾಯದ ಮೇಲಿನದ್ದಲ್ಲ. ಆದರೆ ಶಾಲೆಯೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾಯಕರ ಸಭೆಗೆ ಕರೆದೊಯ್ದರೆ "ನನ್ನ ಮಗು ಬರುವುದಿಲ್ಲ" ಎಂದು ಬರೆದುಕೊಡಲು ಇದು ಒಳ್ಳೆಯ ಆಧಾರ. ಮಾತಾಡದೇ ಇರುವುದೂ ಹಕ್ಕೇ.

ಕಾಲೇಜು ಚುನಾವಣೆ ಬಗ್ಗೆಯೂ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ದಶಕಗಳಾದವು. ಇಂಥ ಚುನಾವಣೆ ಹೇಗೆ ನಡೆಯಬೇಕೆಂದು ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಒಪ್ಪಿದೆ. ಇಲ್ಲಿ ಅದರಿಂದ ಸದ್ಯಕ್ಕೆ ಹೆಚ್ಚು ಪ್ರಯೋಜನ ಕಾಣುತ್ತಿಲ್ಲ.

ಹಂತ 5: ಫೋನು

ಈಗ ಬರುವ ಕೇಸುಗಳಲ್ಲಿ ಜಾಸ್ತಿ ಇಲ್ಲಿಂದಲೇ. ಮೂರು ಮಾತು ಮಾತ್ರ.

ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ಸ್ಕ್ರೀನ್‌ಶಾಟ್ ಹೋಗುವುದಿಲ್ಲ. ಬೇರೆಯವರ ಎಡಿಟ್ ಮಾಡಿದ ಫೋಟೋ, ವಿಡಿಯೋ ಫಾರ್ವರ್ಡ್ ಮಾಡಬೇಡಿ. ನಿಮ್ಮ ಮಾತಿಗೆ ನೀವು ನಿಲ್ಲಬಹುದು, ಯಾರೋ ಮಾಡಿದ ಸುಳ್ಳಿಗೆ ನಿಲ್ಲಲಾಗದು. ಗಲಾಟೆ ಶುರುವಾದ ಮೇಲೆ ಪೋಸ್ಟ್ ತೆಗೆಯಬೇಕೆನಿಸಿದರೆ ಮೊದಲು ಪೂರ್ತಿ ಸ್ಕ್ರೀನ್‌ಶಾಟ್ ತೆಗೆದಿಡಿ, ಕೆಳಗಿನ ಕಾಮೆಂಟು, ಸಮಯ ಎಲ್ಲ ಕಾಣುವಂತೆ. ಇಲ್ಲದಿದ್ದರೆ ಎದುರಿನವರು ಕತ್ತರಿಸಿ ತೋರಿಸಿದ್ದೇ ಸತ್ಯವಾಗುತ್ತದೆ. ಕೇಸ್ ಆಗಿದ್ದರೆ ಮಾತ್ರ ವಕೀಲರನ್ನು ಕೇಳದೇ ಏನನ್ನೂ ಅಳಿಸಬೇಡಿ.

ಲೆಕ್ಚರರ್ ಫೋನ್ ಕಸಿದು ಅನ್‌ಲಾಕ್ ಮಾಡು ಎಂದರೆ? ತರಗತಿಯಲ್ಲಿ ಫೋನ್ ನಿಷೇಧವಿದ್ದರೆ ತಗೊಳ್ಳಬಹುದು, ಒಳಗೆ ನೋಡುವುದು ಬೇರೆ ಸಂಗತಿ. "ಅಪ್ಪ-ಅಮ್ಮ ಬರಲಿ, ಅವರ ಮುಂದೆ ಮಾತಾಡೋಣ ಸರ್" ಎನ್ನಿ. ಜಗಳ ಬೇಡ.

ಹಂತ 6: ಕರೆದ ದಿನ

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಇಲ್ಲಿ. ಕೋಣೆಯಲ್ಲಿ ನಾಲ್ಕೈದು ಜನ ದೊಡ್ಡವರು, ಒಬ್ಬ ವಿದ್ಯಾರ್ಥಿ. ಮೇಜಿನ ಮೇಲೆ ಬಿಳಿ ಹಾಳೆ. "ಬರೆದುಕೊಡು, ಇಲ್ಲಿಗೇ ಮುಗಿಸೋಣ" ಎನ್ನುತ್ತಾರೆ. ಅವರಲ್ಲಿ ಎಷ್ಟೋ ಜನ ನಿಜವಾಗಿಯೂ ಮುಗಿಸಲೆಂದೇ ಹಾಗೆ ಹೇಳುತ್ತಾರೆ, ಎಲ್ಲರೂ ಕೆಟ್ಟವರೇನಲ್ಲ. ಆದರೆ ಆ ಹಾಳೆ ಕಡತದಲ್ಲಿ ಉಳಿಯುತ್ತದೆ. ಮುಂದೆ ಮೇಲಿನಿಂದ ಒತ್ತಡ ಬಂದರೆ "ಹುಡುಗನೇ ತಪ್ಪೊಪ್ಪಿಕೊಂಡಿದ್ದಾನಲ್ಲ" ಎಂದು ಅದನ್ನೇ ತೆಗೆಯುತ್ತಾರೆ.

ಹಾಗಾಗಿ:

ಆ ದಿನ ಏನನ್ನೂ ಬರೆದುಕೊಡಬೇಡಿ. "ಮನೆಯವರನ್ನು ಕೇಳಿ ನಾಳೆ ಕೊಡುತ್ತೇನೆ ಸರ್" ಎಂದು ಹೇಳಿ ಬನ್ನಿ. ಧ್ವನಿ ಏರಿಸಬೇಡಿ. ಎದುರುತ್ತರ ಕೊಟ್ಟಿರಿ ಎಂಬುದೇ ಎರಡನೇ ಆರೋಪವಾಗುತ್ತದೆ, ಮತ್ತು ಅದನ್ನು ಸಾಬೀತು ಮಾಡುವುದು ಮೊದಲನೆಯದಕ್ಕಿಂತ ಸುಲಭ.

ಬರೆಯಲೇಬೇಕಾಗಿ ಬಂದರೆ ನಡೆದದ್ದಷ್ಟೇ ಬರೆಯಿರಿ. "ತಪ್ಪು ಮಾಡಿದೆ, ಇನ್ನು ಮುಂದೆ ಯಾವ ವಿಷಯಕ್ಕೂ ಮಾತಾಡುವುದಿಲ್ಲ" ಅಂಥ ವಾಕ್ಯ ಬೇಡ. "ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ. ನನ್ನ ಉದ್ದೇಶ ಹಾಸ್ಟೆಲ್ ಊಟ ಸರಿಹೋಗಲಿ ಎಂಬುದಾಗಿತ್ತು" ಎನ್ನಬಹುದು. ಬರೆದ ಹಾಳೆಯ ಫೋಟೋ ತೆಗೆದುಕೊಳ್ಳಿ. ಖಾಲಿ ಹಾಳೆಗೆ ಸಹಿ ಮಾತ್ರ ಎಂದಿಗೂ ಬೇಡ.

ಪೋಷಕರಿಗೆ ಒಂದು ಮಾತು. ಅಲ್ಲೇ ಎಲ್ಲರ ಮುಂದೆ ಮಗನಿಗೆ ಬೈಯುವುದು, ಹೊಡೆಯುವುದು ಬೇಡ. ಅದನ್ನು ನೋಡಿದ ಆಡಳಿತದವರು ನೀವೂ ಅವರ ಪರ ಎಂದುಕೊಳ್ಳುತ್ತಾರೆ. ಬೈಯುವುದಿದ್ದರೆ ಮನೆಗೆ ಬಂದ ಮೇಲೆ ಬೈಯಿರಿ.

ಹಂತ 7: ನೋಟಿಸ್ ಬಂದರೆ ಉತ್ತರ

ಷೋಕಾಸ್ ನೋಟಿಸ್ ಅಂದರೆ "ನಿಮ್ಮ ಮೇಲೆ ಯಾಕೆ ಕ್ರಮ ತಗೊಳ್ಳಬಾರದು, ಕಾರಣ ಹೇಳಿ" ಎಂದು ಕೇಳುವ ಪತ್ರ. ಅದು ಶಿಕ್ಷೆಯಲ್ಲ, ನಿಮಗೆ ಮಾತಾಡಲು ಸಿಗುವ ಅವಕಾಶ. ಸಹಜ ನ್ಯಾಯ ಎಂಬ ತತ್ವ ಇದರ ಹಿಂದಿದೆ: ಆರೋಪ ಏನೆಂದು ತಿಳಿಸಬೇಕು, ಹೇಳುವುದನ್ನು ಕೇಳಬೇಕು, ಆಮೇಲೆ ಕಾರಣ ಕೊಟ್ಟು ಆದೇಶ ಮಾಡಬೇಕು. ನೋಟಿಸೇ ಇಲ್ಲದೆ ಸಸ್ಪೆಂಡ್ ಮಾಡಿದರೆ, ಅಥವಾ ಬರೀ ಬಾಯಿಮಾತಿನಲ್ಲಿ "ನಾಳೆಯಿಂದ ಬರಬೇಡ" ಎಂದರೆ, ಅದೇ ನಿಮ್ಮ ದೊಡ್ಡ ವಾದ.

ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ. ಹೀಗೆ ಬರೆಯಬಹುದು:

"ಮಾನ್ಯರೇ, ತಾವು ಇಂಥ ದಿನಾಂಕದಂದು ಕೊಟ್ಟ ನೋಟಿಸ್ ತಲುಪಿದೆ. ಅದರಲ್ಲಿ 'ಶಿಸ್ತು ಉಲ್ಲಂಘನೆ' ಎಂದಷ್ಟೇ ಇದೆ. ನಾನು ಉಲ್ಲಂಘಿಸಿದ ನಿಯಮ ಯಾವುದು, ಅದರ ಪ್ರತಿ, ಮತ್ತು ನನ್ನ ಮೇಲೆ ಬಂದಿರುವ ದೂರಿನ ಪ್ರತಿ ದಯವಿಟ್ಟು ಕೊಡಬೇಕು. ಅವುಗಳನ್ನು ಓದಿ ವಿವರವಾದ ಉತ್ತರ ಕೊಡಲು ಏಳು ದಿನ ಸಮಯ ಬೇಕು. ಸದ್ಯಕ್ಕೆ ನಾನು ಆರೋಪವನ್ನು ಒಪ್ಪುವುದಿಲ್ಲ. ವಿಚಾರಣೆಗೆ ನನ್ನ ತಂದೆ ಅಥವಾ ತಾಯಿಯ ಜೊತೆ ಬರಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ತರಗತಿಗೆ ಬರಲು ಅನುಮತಿ ಕೊಡಿ. ಕೊಡದಿದ್ದರೆ ಆ ದಿನಗಳ ಹಾಜರಾತಿ ಕಡಿತ ಮಾಡಬಾರದೆಂದು ವಿನಂತಿ."

ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಎಷ್ಟೋ ಸಲ ಶಿಕ್ಷೆ ನೇರವಾಗಿ ಬರುವುದಿಲ್ಲ. ಹದಿನೈದು ದಿನ ಹೊರಗೆ ನಿಲ್ಲಿಸಿ, ಆಮೇಲೆ 75 ಶೇಕಡಾ ಹಾಜರಾತಿ ಇಲ್ಲವೆಂದು ಹಾಲ್ ಟಿಕೆಟ್ ತಡೆಯುತ್ತಾರೆ. ಆಗ ನೋಡಿದರೆ ಎಲ್ಲೂ ಸ್ಟೇಟಸ್ಸಿನ ಮಾತೇ ಇರುವುದಿಲ್ಲ!

"ನೀವೇ ಟಿಸಿ ತಗೊಂಡುಬಿಡಿ, ಒಳ್ಳೆಯ ನಡತೆ ಎಂದು ಬರೆದುಕೊಡುತ್ತೇವೆ" ಎಂಬ ಮಾತಿಗೂ ಹುಷಾರು. ಸ್ವಂತ ಇಚ್ಛೆಯಿಂದ ಟಿಸಿ ಕೇಳಿದಂತೆ ಬರೆದುಕೊಟ್ಟರೆ ಮುಂದೆ ಪ್ರಶ್ನೆ ಮಾಡಲು ಬಾಯಿಯೇ ಇರುವುದಿಲ್ಲ. ನಿಜವಾಗಿ ಬಿಡಬೇಕೆಂದು ನೀವೇ ತೀರ್ಮಾನಿಸಿದ್ದರೆ ಅದು ಬೇರೆ. ಆಗ ಎಂಟನೇ ತರಗತಿಯವರೆಗೆ ಟಿಸಿ ಕೂಡಲೇ ಕೊಡಬೇಕು, ತಡ ಮಾಡಿದ ಮುಖ್ಯಸ್ಥರ ಮೇಲೆ ಕ್ರಮ ಆಗಬಹುದು ಎಂದು ಆರ್‌ಟಿಇ 5ನೇ ಕಲಂ ಹೇಳುತ್ತದೆ.

ಹಂತ 8: ಅಲ್ಲಿ ಆಗದಿದ್ದರೆ ಮೇಲೆ

ಶಾಲೆಯಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಮೇಲೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು). ಪಿಯು ಆದರೆ ಜಿಲ್ಲೆಯ ಪದವಿಪೂರ್ವ ಉಪನಿರ್ದೇಶಕರು. 18ರೊಳಗಿನವರಿಗೆ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ತುರ್ತಾದರೆ ಮಕ್ಕಳ ಸಹಾಯವಾಣಿ 1098.

ಡಿಗ್ರಿ ಮತ್ತು ಮೇಲಿನವರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2023ರ ನಿಯಮಾವಳಿ ಇದೆ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ (ದೂರು ಕೇಳುವ ಸ್ವತಂತ್ರ ಅಧಿಕಾರಿ) ಹತ್ತಿರ ಹೋಗಬಹುದು. ಈ 15 ದಿನ ತಪ್ಪಿಸಿಕೊಂಡು ಆಮೇಲೆ ನನಗೆ ಬರೆಯುವವರು ಬಹಳ.

ಜೊತೆಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರದಂತೆ ಇರಬೇಕು. ಎರಡು ಪುಟ ಕಥೆ ಬರೆದರೆ ವಾಪಸ್ ಬರುತ್ತದೆ. ಕೇಳಬೇಕಾದದ್ದು ಮೂರೇ: ನಿಯಮದ ಪ್ರತಿ, ನನ್ನ ಮೇಲಿನ ದೂರಿನ ಪ್ರತಿ, ತೀರ್ಮಾನ ಮಾಡಿದ ಸಭೆಯ ನಡಾವಳಿ. ಖಾಸಗಿ ಶಾಲೆಯಾದರೆ ಬಿಇಒ ಕಚೇರಿಗೆ ಹಾಕಿ, ಅವರ ಬಳಿ ಇರುವ ಕಾಗದ ಸಿಗುತ್ತದೆ.

ಪರೀಕ್ಷೆ ಎದುರಿಗೇ ಇದ್ದು ಹಾಲ್ ಟಿಕೆಟ್ ತಡೆದಿದ್ದರೆ ಇವೆಲ್ಲಕ್ಕೂ ಕಾಯಬೇಡಿ. ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಅಧಿಕಾರಸ್ಥರು ಕಾನೂನು ಮೀರಿದ್ದಾರೆಂದು ನೇರ ದೂರು) ಹಾಕಿ ಮಧ್ಯಂತರ ಆದೇಶ ಕೇಳಬೇಕಾಗುತ್ತದೆ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ.

ಹಂತ 9: ಪೊಲೀಸರು ಬಂದರೆ

18 ತುಂಬದವರ ಮೇಲೆ ಸಣ್ಣಪುಟ್ಟ ಆರೋಪಕ್ಕೆ ಎಫ್‌ಐಆರ್ ಹಾಕುವಂತಿಲ್ಲ. ಬಾಲನ್ಯಾಯದ 2016ರ ಮಾದರಿ ನಿಯಮಗಳ ಪ್ರಕಾರ ಆರೋಪ ಘೋರ ಅಪರಾಧದ್ದಾಗಿರಬೇಕು, ಇಲ್ಲವೇ ದೊಡ್ಡವರ ಜೊತೆ ಸೇರಿ ಮಾಡಿದ್ದಾಗಿರಬೇಕು. ಈ "ದೊಡ್ಡವರ ಜೊತೆ" ಎಂಬುದನ್ನು ಗಮನಿಸಿ. ಸಂಘಟನೆಯ ಅಣ್ಣಂದಿರು ಕರೆದರೆಂದು ಹಿಂದೆ ಮುಂದೆ ನೋಡದೆ ಹೋಗುವ ಹುಡುಗರು ಸಿಕ್ಕಿಬೀಳುವುದು ಇಲ್ಲೇ.

ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ. ಮಾತಾಡಿಸಲು ಬರುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ವಶಕ್ಕೆ ಪಡೆದರೆ ಕೂಡಲೇ ಪೋಷಕರಿಗೆ ತಿಳಿಸಬೇಕು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬೀದರ್ ಪ್ರಕರಣದಲ್ಲಿ ಸಮವಸ್ತ್ರದ ಪೊಲೀಸರು ಮಕ್ಕಳನ್ನು ವಿಚಾರಿಸಿದ್ದರ ಬಗ್ಗೆ ಹೈಕೋರ್ಟ್ ಆಕ್ಷೇಪ ಎತ್ತಿತ್ತು. ಠಾಣೆಯಲ್ಲಿ "ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು?" ಎಂದು ಕೇಳಿ. ಪ್ರತಿ ಠಾಣೆಯಲ್ಲೂ ಒಬ್ಬರಿರಬೇಕು.

ಬರೀ ಸಾಕ್ಷಿಯಾಗಿ ಕರೆಯುತ್ತಿದ್ದರೆ, 15 ವರ್ಷದೊಳಗಿನ ಹುಡುಗರನ್ನು ಮತ್ತು ಯಾವುದೇ ವಯಸ್ಸಿನ ಹೆಣ್ಣುಮಕ್ಕಳನ್ನು ಠಾಣೆಗೆ ಬರಹೇಳುವಂತಿಲ್ಲ. ಮನೆಗೇ ಬಂದು ಕೇಳಬೇಕು (ನಾಗರಿಕ ಸುರಕ್ಷಾ ಸಂಹಿತೆ, 179ನೇ ಕಲಂ). ಫೋನ್ ಮಾಡಿ "ಸ್ಟೇಷನ್ನಿಗೆ ಬಾ" ಎಂದರೆ ಲಿಖಿತ ನೋಟಿಸ್ ಕೊಡಿ ಎಂದು ವಿನಯದಿಂದ ಕೇಳಿ.

ಸುದ್ದಿ ವಾಹಿನಿಯವರು ಮನೆ ಬಾಗಿಲಿಗೆ ಬಂದರೆ ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಪ್ರಕರಣದ ಮಗುವಿನ ಹೆಸರು, ಮುಖ, ಶಾಲೆ ತೋರಿಸುವುದು ಅಪರಾಧ. ನೀವೇ ತೋರಿಸಿದರೆ ಆಮೇಲೆ ಆ ರಕ್ಷಣೆ ಕೇಳುವುದು ಕಷ್ಟ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕೋಣೆ ಇರುತ್ತದೆ, ಸಹಾಯವಾಣಿ 15100. ಹೋಗುವಾಗ ಆಧಾರ್, ನೋಟಿಸ್, ನಿಮ್ಮ ಉತ್ತರದ ಸೀಲು ಹಾಕಿದ ಪ್ರತಿ, ಮತ್ತು ಆ ನೋಟ್‌ಬುಕ್ ತಗೊಂಡು ಹೋಗಿ.